ಅತ್ತಿಗೆಯ ಸರದಿ

ಬಿಷ್ಕೆಕ್
೧೪ ಅಕ್ಟೋಬರ್ ೧೯೯೭

ಅತ್ತಿಗೆಗೆ ಎಸೆನ್‌ನ ಸಲಾಮು.

ಊರಿನಿಂದ ಬಂದ ದಿನದಿಂದ ಈ ಕಾಗದ ಬರೆಯಬೇಕು ಅಂದುಕೊಳ್ಳುವುದು, ಪೆನ್ನು ಹಿಡಿಯುವುದು, ಟೀ ಆರಿಹೋಯಿತು ಎಂದು ಎದ್ದುಹೋಗುವುದು, ಇದೇ ಆಯಿತು. ಜಿಪಾರ್ ನೋಡಿ ನೋಡಿ ಇವತ್ತು ಹೇಳಿಯೇಬಿಟ್ಟಳು: "ಟೀ ನಾನು ಬಿಸಿ ಮಾಡ್ತೀನಿ. ನೀವು ಬರೀರಿ."

ಅವ್ವನ ನಲವತ್ತನೆಯ ದಿನದ ಊಟದಲ್ಲಿ ನಡೆದದ್ದರ ಬಗ್ಗೆ ಬರೆಯುತ್ತಿದ್ದೇನೆ. ಅಣ್ಣ ಎದ್ದು ನಿಂತು, ಬಿಳಿಗಡ್ಡದ ಹಿರಿಯರೆಲ್ಲರ ಮುಂದೆ, "ಅವ್ವ ಹೋದಳು, ಮನೆ ಬರಿದಾಯ್ತು. ಎಸೆನ್‌ನ ಹೆಂಡ್ತಿ ಬಸುರಿ ಇದಾಳೆ. ಚೊಚ್ಚಲು ನಮ್ಮನೇಗೆ ಬರುತ್ತೆ, ಹರಸಿ" ಅಂದರು. ಹಿರಿಯರು ಹರಸಿದರು. ಎಲ್ಲರ ಅಂಗೈಗಳೂ ಮೇಲೆದ್ದವು, ಎಲ್ಲರೂ ಮುಖ ಸವರಿಕೊಂಡರು. ನಾನೂ ಸವರಿಕೊಂಡೆ. ಅತ್ತಿಗೆ, ದೇವರಾಣೆಗೂ ನಾನು ಒಪ್ಪಿ ಸವರಿಕೊಂಡದ್ದಲ್ಲ. ಚಿಕ್ಕಂದಿನಿಂದ ಹರಕೆಯ ಮಾತು ಕಿವಿಗೆ ಬಿದ್ದ ಕೂಡಲೇ ಕೈ ತಾನಾಗಿ ಏಳುತ್ತದೆ. ಮುಖದಿಂದ ಕೈ ಇಳಿಸುವಾಗ ಹೆಂಗಸರ ಸಾಲಿನಲ್ಲಿ ಕೂತ ಜಿಪಾರ್ ಕಂಡಳು. ಅವಳ ಮುಖ ಬಿಳಿಚಿಕೊಂಡಿತ್ತು.

ನಮ್ಮಿಬ್ಬರಿಗೂ ಗೊತ್ತಿದ್ದು ಒಮ್ಮೆಯೂ ಬಾಯಿಬಿಟ್ಟು ಆಡದ ಮಾತೊಂದನ್ನು ಈಗ ಬರೆಯಬೇಕಾಗಿದೆ. ನಾನು ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವನು. ಚೊಚ್ಚಲು ಕೂಸು ಅಜ್ಜಿಗೆ ಸೇರಿದ್ದು ಎಂಬ ನಮ್ಮ ರೂಢಿಯಂತೆ ನಿಮ್ಮ ಅತ್ತೆ ನನ್ನನ್ನು ಎತ್ತಿಕೊಂಡು ಹೋದರು. ಅಜ್ಜಿ ನನಗೆ ಅವ್ವನಾದಳು. ಹುಟ್ಟಿಸಿದ ಅಪ್ಪ ಅಣ್ಣನಾದರು, ನೀವು ಅತ್ತಿಗೆಯಾದಿರಿ. ನನಗೆ ಅದರಿಂದ ಯಾವ ಕೊರತೆಯೂ ಆಗಲಿಲ್ಲ. ಅವ್ವ ನನ್ನನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದಳು.

ಆದರೆ ನಮ್ಮ ಮಗುವನ್ನು ನಾವು ಕೊಡಲಾರೆವು. ಜಿಪಾರ್ ನನಗೆ ಹೇಳಿದ್ದು ಒಂದೇ ಮಾತು: "ಮಗು ಹೋದ ದಿನ ನಾನೂ ಹೋದೆ ಅಂದ್ಕೊಳ್ಳಿ." ಅಣ್ಣನಿಗೆ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ. ನಮ್ಮನ್ನು ಈ ಮಾತಿನಿಂದ ಬಿಡಿಸಲು ನಿಮ್ಮಿಂದ ಮಾತ್ರ ಸಾಧ್ಯ. ನೀವು ಒಂದು ಮಾತು ಹೇಳಿದರೆ ಅಣ್ಣ ಕೇಳುತ್ತಾರೆ.

ಕಾಲೇಜಿನಲ್ಲಿ ನಾನು ಹೇಳುತ್ತಿದ್ದ ಸೋವಿಯತ್ ಕಾಲದ ಹಳೆಯ ಪಾಠ ರದ್ದಾಯಿತು. ಈ ವರ್ಷ 'ಸ್ವಾತಂತ್ರ್ಯದ ವಿಚಾರಗಳು' ಎಂಬ ಹೊಸ ಪಾಠ ಕೊಟ್ಟಿದ್ದಾರೆ. ನಾನು ಹಿಂದಿನ ದಿನ ಓದುತ್ತೇನೆ, ಮರುದಿನ ಹುಡುಗರಿಗೆ ಹೇಳುತ್ತೇನೆ. ಕಳ್ಳ ವ್ಯಾಪಾರ.

ನಿಮ್ಮ
ಎಸೆನ್


ಸಾರಿ-ಬುಲುಂಗ್
೨ ನವೆಂಬರ್ ೧೯೯೭

ಚಿಕ್ಕ ಧಣಿಗೆ,

ಕಾಗದ ಬಂತು. ನಿನ್ನ ಅಣ್ಣನಿಗೆ ಓದಿ ಹೇಳಲಿಲ್ಲ. ಹೇಳಿದ್ದರೆ ಅವರು ಕುದುರೆಯ ಮೇಲೇ ಬಿಷ್ಕೆಕ್‌ಗೆ ಹೊರಡುತ್ತಿದ್ದರು, ಪಾಪ ಕುದುರೆಗೂ ವಯಸ್ಸಾಗಿದೆ.

ಕೈ ತಾನಾಗಿ ಎದ್ದಿತೇ? ನಾನು ಒಲೆಯ ಹತ್ತಿರ ನಿಂತು ನೋಡಿದೆನಪ್ಪ. ಗಡ್ಡವಿಲ್ಲದ ಗಲ್ಲವನ್ನು ಎಷ್ಟು ನಿಧಾನವಾಗಿ ಸವರಿಕೊಂಡೆ, ಮುತ್ತಾತನ ಹಾಗೆ! ಊರಿಗೆ ಊರೇ ನೋಡಿದೆ. ಹರಕೆಗೆ ಮುಖ ಸವರಿಕೊಂಡ ಮೇಲೆ ಒಪ್ಪಿದ ಹಾಗೆ ಎಂದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಪಟ್ಟಣದ ಮೇಷ್ಟ್ರಿಗೆ ಮರೆತುಹೋಯಿತು.

ನಾನೂ ಶಾಲೆಯಲ್ಲಿ ಸಮಾಜ ಪಾಠ ಹೇಳಿಕೊಟ್ಟೇ ಕೂದಲು ಹಣ್ಣು ಮಾಡಿಕೊಂಡವಳು. ಆಗಲೇಬೇಕಾದ್ದನ್ನು ಅರಿತು, ಒಪ್ಪಿ, ಅದರ ಜೊತೆ ನಡೆಯುವವನೇ ಸ್ವತಂತ್ರ ಎಂದು ಹೇಳಿಕೊಡುತ್ತಿದ್ದೆ. ನೀನೂ ಅದನ್ನೇ ಬಾಯಿಪಾಠ ಮಾಡಿ ಐದಕ್ಕೆ ಐದು ತೆಗೆದುಕೊಂಡೆ. ಈಗ ನಿಮ್ಮ ಕಾಲೇಜಿನವರು ಅದನ್ನು ರದ್ದು ಮಾಡಿದರಂತೆ. ಮಾಡಲಿ. ನಾನು ಅದರ ಮೇಲೇ ನನ್ನ ಹೊಟ್ಟೆಸಂಕಟವನ್ನೆಲ್ಲ ಕಟ್ಟಿ ಕೂರಿಸಿದ್ದೆನಲ್ಲ, ಅದನ್ನು ಯಾರು ರದ್ದು ಮಾಡುತ್ತಾರೆ?

ಈಗ ನೇರವಾಗಿ ಹೇಳುತ್ತೇನೆ ಕೇಳು. ನನ್ನ ಅತ್ತೆ ತನ್ನ ಚೊಚ್ಚಲನ್ನು ತನ್ನ ಅತ್ತೆಗೆ ಕೊಟ್ಟಳು. ಆಮೇಲೆ ನನ್ನಿಂದ ಒಂದನ್ನು ಪಡೆದಳು. ನಾನು ನಿನ್ನನ್ನು ಕೊಟ್ಟೆ. ಈಗ ನನ್ನ ಸರದಿ. ಹಿಂದೆ ರೊಟ್ಟಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿದ್ದೆವಲ್ಲ, ಹಾಗೆ ಜೀವಮಾನವೆಲ್ಲ ನಿಂತು ಈಗ ಕಿಟಕಿಯ ಹತ್ತಿರ ಬಂದಿದ್ದೇನೆ. ಅಷ್ಟರಲ್ಲಿ ನೀನು ಒಳಗಿನಿಂದ ತಲೆ ಹಾಕಿ, "ಅತ್ತಿಗೆ, ಈ ಸಾಲು ಅನ್ನೋದೇ ಅನ್ಯಾಯ, ಇವತ್ತಿಂದ ಸಾಲಿಲ್ಲ" ಎಂದು ಕಿಟಕಿ ಮುಚ್ಚುತ್ತಿದ್ದೀಯ. ಅನ್ಯಾಯವೇ ಇರಬಹುದು. ನನಗಿಂತ ಮುಂದೆ ನಿಂತವರೆಲ್ಲ ರೊಟ್ಟಿ ತಗೊಂಡು ಹೋದರಲ್ಲ?

ನಿನ್ನ ತಂಗಿಯರ, ಅಂದರೆ ನಾನು ಹೆತ್ತ ಹೆಣ್ಣುಮಕ್ಕಳ, ಚೊಚ್ಚಲುಗಳು ಅವರವರ ಅತ್ತೆಯರ ಮನೆಯಲ್ಲಿ ಬೆಳೆಯುತ್ತಿವೆ. ನನಗೆ ಬರಬೇಕಾದ್ದು ನಿನ್ನದೊಂದೇ. ತೊಟ್ಟಿಲಲ್ಲಿ ಕೂಸನ್ನು ಕಟ್ಟಲು ಹೊಸ ಪಟ್ಟಿ ನೇಯ್ದಿಟ್ಟಿದ್ದೇನೆ. ಜಿಪಾರ್ ಚೆನ್ನಾಗಿ ಊಟ ಮಾಡಲಿ.

ಅತ್ತಿಗೆ
ಬುರುಲ್ಕಾನ್


ಬಿಷ್ಕೆಕ್
೨೩ ನವೆಂಬರ್ ೧೯೯೭

ಅತ್ತಿಗೆ,

ನಿಮ್ಮ ಕಾಗದ ಓದಿ ನಕ್ಕೆ. ಆಮೇಲೆ ನಗು ನಿಂತಿತು.

ಇಲ್ಲಿ ತರಗತಿಯನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳು ತಣ್ಣಗಿವೆ. ಹುಡುಗರು ಕೋಟು ಟೋಪಿ ತೆಗೆಯುವುದಿಲ್ಲ. ಮೊನ್ನೆ ಅವರಿಗೆ ಹೇಳಿದೆ, ಒಂದು ಪಂಥದವರ ಪ್ರಕಾರ ನಿನಗೆ ಯಾರೂ ಅಡ್ಡ ಬರದಿದ್ದರೆ ಸಾಕು, ನೀನು ಸ್ವತಂತ್ರ ಎಂದು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈಗವಸಿನ ಕೈಯನ್ನೇ ಎತ್ತಿದಳು: "ಮೇಷ್ಟ್ರೇ, ಮುಂಚೆ ನಮ್ಮಪ್ಪನ ಹತ್ರ ದುಡ್ಡಿತ್ತು, ಗಡಿ ಮುಚ್ಚಿತ್ತು. ಈಗ ಗಡಿ ತೆಗ್ದಿದಾರೆ, ಬಸ್ ಚಾರ್ಜಿಗೂ ಕಾಸಿಲ್ಲ. ನಾವು ಸ್ವತಂತ್ರವಾಗಿದ್ದದ್ದು ಆಗ್ಲೋ ಈಗ್ಲೋ?" ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ, ಉತ್ತರ ಗೊತ್ತಿಲ್ಲದಿದ್ದರೆ ಮೇಷ್ಟ್ರು ನಗಬೇಕಲ್ಲ.

ಇನ್ನೊಂದು ಪಂಥ, ತನ್ನನ್ನು ತಾನು ಆಳಿಕೊಳ್ಳುವವನೇ ಸ್ವತಂತ್ರ ಎನ್ನುತ್ತದೆ. ಕೇಳಲು ಚೆನ್ನಾಗಿದೆ. ಆದರೆ ನಿನಗೆ ನಿಜವಾಗಿ ಏನು ಬೇಕು ಎಂಬುದು ನಿನಗಿಂತ ನಮಗೇ ಗೊತ್ತು ಎಂದು ಮೂಗು ತೂರಿಸುವವರು ಅದೇ ಬಾಗಿಲಿನಿಂದ ಒಳಗೆ ಬರುತ್ತಾರೆ. ಅಂಥವರ ಕೈಕೆಳಗೆ ನಾವೆಲ್ಲ ಬಾಳಿಲ್ಲವೇ? ಮತ್ತೊಂದು ಪಂಥದವರು ಕೇಳುತ್ತಾರೆ: ಕುಲ, ಊರು, ಹಿರಿಯರ ಮಾತು ಇವನ್ನೆಲ್ಲ ಕಳಚಿಹಾಕಿದ ಮೇಲೆ ಉಳಿಯುವ ಮನುಷ್ಯ ಯಾರು, ಅವನಿಗೆ ಸ್ವಾತಂತ್ರ್ಯ ಕೊಟ್ಟು ಆಗಬೇಕಾದ್ದೇನು? ಅಣ್ಣ ಪುಸ್ತಕ ಮುಟ್ಟದೆಯೇ ಈ ಪಂಥಕ್ಕೆ ಸೇರಿದವರು.

ನಾನು ಮಾತ್ರ ಆ ಮೊದಲನೆಯವರ ಕಡೆ. ಮಗುವಿನ ಮೇಲೆ ಕೈ ಹಾಕಲು ಯಾರಿಗೂ ಹಕ್ಕಿಲ್ಲ, ಅಷ್ಟೇ.

ಸರದಿಯ ಮಾತು ಹೇಳಿದಿರಿ. ನನಗೂ ಒಂದು ಕೇಳುವುದಿದೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮನೆಗೂ ಅವ್ವನ ಮನೆಗೂ ನಡುವೆ ಇದ್ದದ್ದು ಒಂದು ಕಾಲುವೆ, ಅದರ ಮೇಲೊಂದು ಹಲಗೆ. ಯಾರೂ ನಿಮ್ಮ ಕೈ ಹಿಡಿದು ನಿಲ್ಲಿಸಿರಲಿಲ್ಲ. ಅವ್ವ ಬಾಗಿಲಿಗೆ ಚಿಲಕ ಹಾಕಿದ್ದನ್ನೇ ನಾನು ಕಂಡಿಲ್ಲ. ನಿಮಗೆ ನಾನು ಅಷ್ಟು ಬೇಕಾಗಿದ್ದರೆ ಬಂದು ಎತ್ತಿಕೊಂಡು ಹೋಗಬಹುದಿತ್ತು. ನೀವು ಬರಲಿಲ್ಲ.

ಇದು ದೂರಲ್ಲ. ಸುಮ್ಮನೆ ಕೇಳಿದೆ.

ನಿಮ್ಮ
ಎಸೆನ್


ಸಾರಿ-ಬುಲುಂಗ್
೧೫ ಡಿಸೆಂಬರ್ ೧೯೯೭

ಚಿಕ್ಕ ಧಣಿ,

ಹಲಗೆಯ ಮಾತು ಓದಿದ ಮೇಲೆ ನಿನ್ನ ಕಾಗದವನ್ನು ಹಿಟ್ಟಿನ ಚೀಲದ ಕೆಳಗೆ ತುರುಕಿ ಬಹಳ ದಿನ ಮುಟ್ಟಲಿಲ್ಲ. ಇವತ್ತು ಹಿಟ್ಟು ಖಾಲಿಯಾಯಿತು, ಅದು ಮತ್ತೆ ಕೈಗೆ ಬಂತು.

ಬರಲಿಲ್ಲ ಅಂದೆಯಲ್ಲ? ಬಂದೆ. ನೀನು ಹೋದ ದಿನ ಸಂಜೆಯೇ ಬಂದೆ. ಎದೆ ಹಾಲು ತುಂಬಿ ಅಂಗಿಯೆಲ್ಲ ಒದ್ದೆ. ಜರಡಿ ವಾಪಸ್ ಕೊಡುವ ನೆಪದಲ್ಲಿ ಆ ಹಲಗೆ ದಾಟಿ ಬಂದೆ. "ಅತ್ತೆ, ಒಂದ್ಸಲ ಎತ್ಕೊಳ್ಲಾ?" ಅಂದೆ. ಅತ್ತೆ, "ಎತ್ಕೋ ಮಗಳೇ, ಅದಕ್ಯಾಕೆ ಕೇಳ್ತೀಯ?" ಅಂದಳು. ಮರುದಿನ ಉಪ್ಪಿನ ನೆಪ. "ಅತ್ತೆ, ಎತ್ಕೊಳ್ಲಾ?" "ಎತ್ಕೋ ಮಗಳೇ." ಅದರ ಮರುದಿನ ನೆಪ ಸಿಗದೆ, ಸುಮ್ಮನೆ ಹೋಗಿ ಬಾಗಿಲಲ್ಲಿ ನಿಂತೆ. ಆಗಲೂ ಅವಳು, "ಬಾ ಒಳಗೆ, ಚಳಿ" ಅಂದಳು. ನನ್ನ ಅತ್ತೆ ಬದುಕಿದ್ದಷ್ಟು ಕಾಲ ನನಗೆ ಒಂದು ಸಲವೂ ಇಲ್ಲ ಅನ್ನಲಿಲ್ಲ. ಅವಳ ಮಣ್ಣಿನ ಮೇಲೆ ಬೆಳಕು ಬೀಳಲಿ, ಒಳ್ಳೆಯ ಹೆಂಗಸು. ಕೆಟ್ಟವಳಾಗಿದ್ದರೆ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ. ಒಳ್ಳೆಯವಳ ಜೊತೆ ಹೇಗಪ್ಪ ಜಗಳವಾಡುವುದು?

ಆದರೆ ನಾನು ಕೇಳಲೇಬೇಕಿತ್ತು. ಜ್ವರ ಬಂದಾಗ ಹಣೆ ಮುಟ್ಟಲಾ ಎಂದು ಕೇಳಬೇಕಿತ್ತು. ಹೊಸ ಟೋಪಿ ಹೊಲಿಯಲಾ ಎಂದು ಕೇಳಬೇಕಿತ್ತು. ಅವಳು ಯಾವತ್ತು ಬೇಕಾದರೂ ಇಲ್ಲ ಅನ್ನಬಹುದಿತ್ತು, ಅನ್ನಲಿಲ್ಲ, ಅದು ಅವಳ ದೊಡ್ಡಗುಣ. ಬೇರೆಯವರ ದೊಡ್ಡಗುಣದ ಮೇಲೆ ನನ್ನ ಇಡೀ ತಾಯ್ತನ ನಡೆಯಿತು. ಅವಳ ಮುಖ ನೋಡಿ, ಇವತ್ತು ಮನಸ್ಸು ಸರಿಯಿದೆಯೇ ಎಂದು ತಿಳಿದು, ಆಮೇಲೆ ನಿನ್ನನ್ನು ನೋಡುತ್ತಿದ್ದೆ.

ಒಂದು ಸಲ ದಡಾರ ಎದ್ದು ನೀನು ಹೊರಳಾಡುತ್ತಿದ್ದೆ. ಅವಳು ಒಲೆಗೆ ಬೆರಣಿ ತರಲು ಹೋದಾಗ ಎತ್ತಿಕೊಂಡೆ. ನೀನು ನನ್ನ ಕೈಯಿಂದ ಜಾರಿಕೊಂಡು, "ಅತ್ತಿಗೆ ಬಿಡಿ, ಅವ್ವ ಬೇಕು" ಅಂದೆ. ಮಗು, ನಿನ್ನ ತಪ್ಪಲ್ಲ.

ಇನ್ನೊಂದು ಹೇಳಿಬಿಡುತ್ತೇನೆ. ಸೊಸೆಯಾದವಳು ಗಂಡನ ಮನೆಯವರ ಹೆಸರು ಎತ್ತಬಾರದು. ನೀನು ಅತ್ತೆಯ ಮಗ ಅಂದಮೇಲೆ ನನಗೆ ಮೈದುನ. ಹೆತ್ತ ಮಗನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಅದಕ್ಕೇ ಚಿಕ್ಕ ಧಣಿ, ಚಿಕ್ಕ ಧಣಿ. ಶಾಲೆಯಲ್ಲಿ ಮಾತ್ರ ನಾನು ಸೊಸೆಯಲ್ಲ, ಸರ್ಕಾರದ ಟೀಚರು. ಹಾಜರಿ ಕರೆಯುವಾಗ ನಿನ್ನ ಹೆಸರು ಬರುವುದನ್ನೇ ಕಾಯುತ್ತಿದ್ದೆ. "ಎಸೆನ್!" ಅಂದರೆ ನೀನು ತಲೆ ಎತ್ತದೆ "ಇದೀನಿ" ಅನ್ನುತ್ತಿದ್ದೆ. ಕೇಳಿಸಲಿಲ್ಲ ಎಂದು ಸುಳ್ಳು ಹೇಳಿ ಇನ್ನೊಂದು ಸಲ ಕರೆಯುತ್ತಿದ್ದೆ. ಟೀಚರಿಗೆ ಕಿವಿ ಮಂದ ಎಂದು ನೀವೆಲ್ಲ ಹಿಂದಿನಿಂದ ನಗುತ್ತಿದ್ದಿರಿ, ಗೊತ್ತು.

ನಿನ್ನ ಮೊದಲನೆಯ ಪಂಥದವರ ಲೆಕ್ಕದಲ್ಲಿ ನಾನು ಸ್ವತಂತ್ರಳು, ಅಲ್ಲವೇ? ಯಾರೂ ಅಡ್ಡ ಬರಲಿಲ್ಲ. ಒಂದು ದಿನವೂ ಇಲ್ಲ ಎನ್ನಿಸಿಕೊಳ್ಳದೆ, ದಿನದಿನವೂ ಕೇಳಿಕೊಂಡೇ ಬಾಳಿದವಳಿಗೆ ನಿನ್ನ ಪುಸ್ತಕಗಳಲ್ಲಿ ಏನಾದರೂ ಹೆಸರಿದೆಯೇ? ಹುಡುಕಿ ಬರೆ.

ಇಷ್ಟೆಲ್ಲ ಬರೆದೆ ಎಂದು ಸರದಿ ಬಿಟ್ಟುಕೊಟ್ಟೆ ಅಂದುಕೊಳ್ಳಬೇಡ. ಯಾರನ್ನೂ ಕೇಳದೆ ಒಂದು ಕೂಸನ್ನು ಎತ್ತಿಕೊಳ್ಳಬೇಕು ನನಗೆ. ಸಾಯುವುದರೊಳಗೆ ಅದೊಂದು ಆಗಬೇಕು.

ಅತ್ತಿಗೆ
ಬುರುಲ್ಕಾನ್


ಬಿಷ್ಕೆಕ್
೩೦ ಜನವರಿ ೧೯೯೮

ಅತ್ತಿಗೆ,

ಹುಡುಗಿ ಹುಟ್ಟಿದ್ದಾಳೆ. ಬೆಗಾಯಿಮ್ ಎಂದು ಹೆಸರಿಟ್ಟೆವು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ತಂತಿ ಕಳಿಸಲಿಲ್ಲ, ಹೆಸರಿಡಲು ಹಿರಿಯರನ್ನು ಕರೆಯಲಿಲ್ಲ. ತಂತಿ ಸಿಕ್ಕಿದ ಕೂಡಲೇ ಅಣ್ಣ ಹೊರಟುಬಿಟ್ಟರೆ ಎಂಬ ಭಯ. ಹುಟ್ಟಿದ ಸುದ್ದಿಯನ್ನು ಕಳ್ಳಮಾಲಿನ ಹಾಗೆ ಬಚ್ಚಿಟ್ಟುಕೊಂಡು ಕೂತ ಅಪ್ಪ ನಾನು.

ನಿಮ್ಮ ಪ್ರಶ್ನೆಗೆ ಉತ್ತರ ಹುಡುಕಿದೆ. ಹೆಸರಿದೆ ಅತ್ತಿಗೆ, ಬಹಳ ಹಳೆಯ ವಿಚಾರ. ಒಳ್ಳೆಯ ಒಡೆಯನ ಕೈಕೆಳಗಿರುವ ಆಳು ಸ್ವತಂತ್ರನೇ ಎಂದು ಇನ್ನೊಂದು ಪಂಥದವರು ಕೇಳುತ್ತಾರೆ. ಒಡೆಯ ಬೈಯುವುದಿಲ್ಲ, ಹೊಡೆಯುವುದಿಲ್ಲ, ಬೇಡಿದ್ದನ್ನೆಲ್ಲ ಕೊಡುತ್ತಾನೆ. ಆದರೂ ಅವನು ಆಳೇ ಎನ್ನುತ್ತಾರೆ ಇವರು. ಯಾಕೆಂದರೆ ಎಲ್ಲವೂ ಒಡೆಯನ ಮನಸ್ಸಿನ ಮೇಲೆ ನಿಂತಿದೆ, ಆಳು ಬೆಳಗಾದರೆ ಅವನ ಮುಖ ನೋಡಬೇಕು. ನಮ್ಮ ಪಾಠದ ಪಟ್ಟಿಯಲ್ಲಿ ಆ ಅಧ್ಯಾಯ ಕೊನೆಯಲ್ಲಿತ್ತು, ಸಮಯವಿಲ್ಲ ಎಂದು ನಾನು ಬಿಟ್ಟುಬಿಟ್ಟಿದ್ದೆ. ಈಗ ಸೇರಿಸಿದ್ದೇನೆ. ಒಡೆಯ ಆಳಿನ ಬದಲು ಒಂದು ಮನೆಯ ಅತ್ತೆ ಸೊಸೆಯ ಕಥೆ ಹೇಳಿದೆ, ಅವರು ಯಾರು ಎಂದು ಹುಡುಗರಿಗೆ ಹೇಳಲಿಲ್ಲ.

ಅವ್ವನನ್ನು ನಾನು ಹೀಗೆ ನೋಡಿರಲಿಲ್ಲ. ಈಗ ಅವಳ ಫೋಟೋ ಕಡೆ ನೋಡಲು ಒಂದು ಥರ ಆಗುತ್ತದೆ. ಅವಳನ್ನೂ ಬಿಡಲಾರೆ, ನಿಮ್ಮ ಮಾತನ್ನೂ ಮರೆಯಲಾರೆ.

ಆದರೂ ಮಗುವನ್ನು ಕೊಡುವುದು ಆಗದು. ಅದರ ಬದಲು ನಾನೂ ಜಿಪಾರ್ ಕೂತು ಮಾತಾಡಿಕೊಂಡಿದ್ದೇವೆ. ನಮ್ಮ ಮನೆಯ ಬಾಗಿಲು ನಿಮಗೆ ಯಾವತ್ತೂ ತೆರೆದಿರುತ್ತದೆ. ಮಗುವನ್ನು ನೋಡಬೇಕು ಅನ್ನಿಸಿದಾಗ ಒಂದು ಮಾತು ತಿಳಿಸಿ ಸಾಕು. ಬೇಸಿಗೆಯಲ್ಲಿ ಬೇಕೆಂದರೆ ಕೆಲವು ದಿನ ಊರಿಗೂ ಕರೆತರುತ್ತೇವೆ. ಜಿಪಾರ್ ಯಾವತ್ತೂ ಇಲ್ಲ ಅನ್ನುವುದಿಲ್ಲ, ಅವಳ ಸ್ವಭಾವ ನಿಮಗೇ ಗೊತ್ತು.

ನಿಮ್ಮ
ಎಸೆನ್


ಸಾರಿ-ಬುಲುಂಗ್
೧೮ ಫೆಬ್ರವರಿ ೧೯೯೮

ಚಿಕ್ಕ ಧಣಿ,

ಕೂಸಿಗೆ ನೂರು ವರ್ಷ ಆಯಸ್ಸು. ಜಿಪಾರ್‌ಗೆ ಕುರಿಬಾಲದ ಕೊಬ್ಬು ಕಳಿಸಿದ್ದೇನೆ, ಬಿಸಿ ಸಾರಿಗೆ ಹಾಕಿ ಕುಡಿಯಲಿ.

ಕಾಗದವನ್ನು ಎರಡು ಸಲ ಓದಿದೆ. ಒಳ್ಳೆಯ ಒಡೆಯನ ಮಾತು ಎಷ್ಟು ಚೆನ್ನಾಗಿ ಬರೆದಿದ್ದೀಯ. ನನ್ನ ಜೀವಮಾನವನ್ನು ಯಾರೋ ಪುಸ್ತಕದಲ್ಲಿ ಬರೆದಿಟ್ಟಿದ್ದಾರಲ್ಲ ಎಂದು ಕಣ್ಣೀರು ಬಂತು. ಕಣ್ಣೊರೆಸಿಕೊಂಡು ಪುಟದ ಕೆಳಗೆ ಬಂದರೆ ಏನಿದೆ? ಬಾಗಿಲು ತೆರೆದಿದೆ, ಒಂದು ಮಾತು ಕೇಳಿ ಸಾಕು, ಜಿಪಾರ್ ಇಲ್ಲ ಅನ್ನುವುದಿಲ್ಲ.

ಮೇಷ್ಟ್ರೇ, ನೀವು ಬರೆದದ್ದನ್ನು ನೀವೇ ಓದುವುದಿಲ್ಲವೇ? ಅತ್ತೆಯ ಮುಂದೆ ನಿಂತು ಕೇಳಿದೆ. ಇನ್ನು ಸೊಸೆಯ ಮುಂದೆ ನಿಂತು ಕೇಳಬೇಕು. "ಜಿಪಾರ್, ಎತ್ಕೊಳ್ಲಾ?" "ಎತ್ಕೊಳ್ಳಿ, ಅದಕ್ಯಾಕೆ ಕೇಳ್ತೀರ?"

ದೋಲೋನ್ ಕಣಿವೆಯ ಹಿಮ ಕರಗಿದ ಕೂಡಲೇ ನಿನ್ನ ಅಣ್ಣ ಹಿರಿಯರನ್ನು ಕರೆದುಕೊಂಡು ಬರುತ್ತಾರೆ. ನೌರೂಜ್ ಹೊಸವರ್ಷದ ಹಬ್ಬದ ದಿನ ಹರಕೆ ಪಡೆದು ಮರುದಿನ ಹೊರಡುವುದು ಎಂದು ನಿಶ್ಚಯವಾಗಿದೆ. ತಿಳಿದಿರಲಿ ಎಂದು ಬರೆದೆ.

ಬುರುಲ್ಕಾನ್


ಬಿಷ್ಕೆಕ್
೧೦ ಮಾರ್ಚ್ ೧೯೯೮

ಅತ್ತಿಗೆ,

ನಿಮ್ಮ ಕಾಗದವನ್ನು ಜಿಪಾರ್‌ಗೆ ಓದಿದೆ. ಅವಳು ಮಗುವನ್ನು ತಟ್ಟುವುದನ್ನು ನಿಲ್ಲಿಸಿ, "ಅವರು ಹೇಳಿದ್ದು ನಿಜ. ಹಂಗಂತ ನಾನು ಮಗೂನ ಕೊಡಕ್ಕಾಗುತ್ತಾ?" ಅಂದಳು.

ಕೊಟ್ಟರೆ ಜಿಪಾರ್ ನಿಮ್ಮ ಹಾಗೆ ಆಗುತ್ತಾಳೆ. ಕೊಡದಿದ್ದರೆ ನೀವು ನೀವಾಗಿಯೇ ಉಳಿಯುತ್ತೀರಿ. ನಾನು ಓದಿದ ಯಾವ ಪಂಥದವರೂ ಇದಕ್ಕೆ ದಾರಿ ಹೇಳಿಲ್ಲ. ಎಲ್ಲರೂ ಒಬ್ಬ ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಬರೆದಿದ್ದಾರೆ, ಒಂದು ಕೂಸಿನ ಎರಡು ಕಡೆ ನಿಂತ ಇಬ್ಬರು ಹೆಂಗಸರ ಬಗ್ಗೆ ಯಾರೂ ಬರೆದಿಲ್ಲ.

ಅಣ್ಣ ಬರಲಿ. ಈ ಸಲ ನಾನೇ ಬಾಗಿಲಲ್ಲಿ ನಿಂತು ಇಲ್ಲ ಅನ್ನುತ್ತೇನೆ. ಹಿರಿಯರ ಹರಕೆ ಮುರಿದವನು ಎಂದು ಊರು ನನ್ನನ್ನು ಹೊರಗಿಡಲಿ. ನಿಮ್ಮ ಪಾಲನ್ನು ಕಸಿದವನೂ ನಾನೇ ಆದೆ. ಕ್ಷಮಿಸಿ ಎಂದು ಬರೆಯಲು ಕೈ ಬರುತ್ತಿಲ್ಲ.

ಎಸೆನ್


ಸಾರಿ-ಬುಲುಂಗ್
೨೬ ಮಾರ್ಚ್ ೧೯೯೮

ಚಿಕ್ಕ ಧಣಿ,

ನಿನ್ನ ಅಣ್ಣ ಬರಲಿಲ್ಲ, ಬರುವುದೂ ಇಲ್ಲ. ಬಾಗಿಲಲ್ಲಿ ಎದೆಯುಬ್ಬಿಸಿ ನಿಂತಿದ್ದರೆ ಒಳಗೆ ಹೋಗು, ಮಗುವಿಗೆ ಥಂಡಿ ತಗಲುತ್ತದೆ.

ನೌರೂಜ್ ದಿನ ಹೆಂಗಸರೆಲ್ಲ ದೊಡ್ಡ ಕಡಾಯಿಯ ಸುತ್ತ ಮೊಳಕೆ ಗೋಧಿಯ ಗಂಜಿ ತಿರುವುತ್ತಿದ್ದೆವು. ಗಂಡಸರು ಅಂಗಳದಲ್ಲಿ ಕಂಬಳಿ ಹಾಸಿ ಕೂತಿದ್ದರು. ನಿನ್ನ ಅಣ್ಣ ಎದ್ದು, "ದಾರಿ ತೆರೀತು. ನಾಳೆ ಹೋಗಿ ಮಗೂನ ಕರ್ಕೊಂಡು ಬರ್ತೀವಿ. ಹರಸಿ" ಅಂದರು. ಎಲ್ಲರ ಕೈಯೂ ಮೇಲೆದ್ದಿತು. ನಾನು ಸೌಟು ಹಿಡಿದುಕೊಂಡೇ ಗಂಡಸರ ನಡುವೆ ಹೋಗಿ ನಿಂತೆ.

"ಕೈ ಇಳಿಸಿ" ಅಂದೆ.

ಹಿರಿಯರಲ್ಲೇ ದೊಡ್ಡವರಾದ ಬಿಳಿಗಡ್ಡದ ಮಾವ ಕಣ್ಣು ಕಿರಿದು ಮಾಡಿ ನೋಡಿದರು. "ಏನಾಯ್ತಮ್ಮ ಸೊಸೆ? ಗಂಜಿ ತಳ ಹಿಡೀತಾ?"

"ಗಂಜಿ ಸರಿಯಾಗೇ ಇದೆ. ಆ ಮಗು ನನಗೆ ಬೇಡ."

"ಬೇಡ ಅಂದ್ರೆ? ನಿನ್ನ ಪಾಲಿಂದಲ್ವಾ ಅದು?"

"ನನ್ನ ಪಾಲಿಂದು. ಅದಕ್ಕೇ ನಾನು ಬೇಡ ಅಂತಿದೀನಿ. ನಿಮ್ಮ ಪಾಲಿಂದಾಗಿದ್ರೆ ನೀವು ಹೇಳ್ಬಹುದಿತ್ತು."

ಸೊಂಟ ನೋವು, ಕೈಲಾಗುವುದಿಲ್ಲ ಎಂದು ಹೇಳಬೇಕು ಅಂದುಕೊಂಡು ಹೋಗಿದ್ದೆ. ಹಾಗೆ ಹೇಳಿದ್ದರೆ ಅಯ್ಯೋ ಪಾಪ ಎಂದು ಸುಮ್ಮನಾಗುತ್ತಿದ್ದರು. ಅಲ್ಲಿ ನಿಂತಾಗ ಆ ಸುಳ್ಳು ಬಾಯಿಗೆ ಬರಲಿಲ್ಲ. ನಿನ್ನ ಅಣ್ಣ, "ಇವಳಿಗೆ ತಲೆ ಕೆಟ್ಟಿದೆ, ನೀವು ಹರಸಿ" ಅಂದರು. ಮಾವ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಉಳಿದವರೂ ಇಳಿಸಿದರು. ಮುಖ ಯಾರೂ ಸವರಿಕೊಳ್ಳಲಿಲ್ಲ.

ವಾಪಸ್ಸು ಕಡಾಯಿಯ ಹತ್ತಿರ ಬಂದರೆ ಹೆಂಗಸರು ನನಗೆ ಜಾಗ ಬಿಡಲಿಲ್ಲ. ನನ್ನ ವಾರಗೆಯವರೇ. ಅವರೆಲ್ಲ ಕೊಟ್ಟವರು, ಅವರೆಲ್ಲ ಈಗ ಒಂದೊಂದನ್ನು ಪಡೆದು ಸೊಂಟದ ಮೇಲೆ ಕೂರಿಸಿಕೊಂಡವರು. ಒಬ್ಬಳು ಹತ್ತಿರ ಬಂದು, "ನ್ಯಾಯ ನೀತಿ ಎಲ್ಲ ನಿನಗೊಬ್ಬಳಿಗೇ ಗೊತ್ತು ಅನ್ಕೊಂಡಿದೀಯೇನೇ?" ಅಂದಳು. ಅವಳಿಗೆ ಯಾಕೆ ಉರಿಯಿತು ಎಂದು ನನಗೆ ಗೊತ್ತು. ನಿನ್ನ ಅಣ್ಣ ಆವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ತಟ್ಟೆ ಇಡುತ್ತೇನೆ, ಉಣ್ಣುತ್ತಾರೆ, ಏಳುತ್ತಾರೆ.

ಜಿಪಾರ್‌ಗೆ ಹೇಳು, ಉಪಕಾರವಾಯಿತು ಎಂದು ಬರೆಯಬೇಡ ಎಂದು. ನಿಮಗೋಸ್ಕರ ಮಾಡಿದ್ದಲ್ಲ. ಸರದಿ ನನ್ನದು, ಅದನ್ನು ಬಿಡುವುದೂ ನನ್ನದೇ. ನನ್ನ ಬಾಳಿನಲ್ಲಿ ಯಾರನ್ನೂ ಕೇಳದೆ ನಾನು ಮಾಡಿದ ಕೆಲಸ ಇದೊಂದು. ಸ್ವತಂತ್ರರಾದವರಿಗೆ ಹೇಗನ್ನಿಸುತ್ತದೆ ಎಂದು ನಿನ್ನ ಪುಸ್ತಕದವರು ಬರೆದಿದ್ದಾರೋ ಇಲ್ಲವೋ. ನನಗನ್ನಿಸಿದ್ದು ಇಷ್ಟೇ, ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಇನ್ನು ಮೇಲೆ ನಾನು ಯಾರನ್ನೂ ಏನನ್ನೂ ಕೇಳುವುದಿಲ್ಲ. ನಿಮ್ಮನ್ನೂ.

ಬುರುಲ್ಕಾನ್


ಬಿಷ್ಕೆಕ್
೧೨ ಏಪ್ರಿಲ್ ೧೯೯೮

ಅತ್ತಿಗೆ,

ಉಪಕಾರದ ಮಾತು ಬರೆಯುವುದಿಲ್ಲ. ಆದರೆ ಜಿಪಾರ್ ನಿಮ್ಮ ಕಾಗದ ಓದಿ ಮಗುವನ್ನು ನನ್ನ ಕೈಗೆ ಕೊಟ್ಟು, ಅಡುಗೆಮನೆಗೆ ಹೋಗಿ ಬಹಳ ಹೊತ್ತು ಅತ್ತಳು. ಅದನ್ನು ಮಾತ್ರ ಬರೆಯುತ್ತೇನೆ.

ಈಗ ನಾವು ನಿಮ್ಮನ್ನು ಒಂದು ಕೇಳಬೇಕಾಗಿದೆ. ಜೂನ್‌ನಿಂದ ಜಿಪಾರ್ ಔಷಧಿ ಅಂಗಡಿಯ ಕೆಲಸಕ್ಕೆ ಹೋಗಬೇಕು, ಹೋಗದಿದ್ದರೆ ಕೆಲಸ ಹೋಗುತ್ತದೆ. ನನಗೆ ಸಂಬಳ ಬಂದು ತಿಂಗಳುಗಳಾದವು. ಮಗುವನ್ನು ನೋಡಿಕೊಳ್ಳಲು ಇಲ್ಲಿ ನಮಗೆ ಯಾರೂ ಇಲ್ಲ. ನೀವು ಬಂದು ನಮ್ಮ ಜೊತೆ ಇರುತ್ತೀರಾ? ದೊಡ್ಡ ಮನಸ್ಸು ಮಾಡಿ ನಿಮಗೆ ಮಗುವನ್ನು ತೋರಿಸುತ್ತಿದ್ದೇವೆ ಅಂದುಕೊಳ್ಳಬೇಡಿ. ಕಷ್ಟ ನಮ್ಮದು, ಕೇಳುತ್ತಿರುವವರು ನಾವು. ನೀವು ಹೂಂ ಅನ್ನಬಹುದು, ಇಲ್ಲ ಎಂದೂ ಅನ್ನಬಹುದು. ಏನೇ ಅಂದರೂ ನಮಗೆ ನಿಮ್ಮ ಮೇಲಿನ ಪ್ರೀತಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ.

ಬರುತ್ತೀರಾ?

ಎಸೆನ್, ಜಿಪಾರ್


ಸಾರಿ-ಬುಲುಂಗ್
೧೯ ಮೇ ೧೯೯೮

ಎಸೆನ್,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬೇಕೆಂದೇ ಉತ್ತರ ಬರೆಯಲಿಲ್ಲ. ದಿನಾ ಅಂಚೆ ಡಬ್ಬಿ ನೋಡಿ ವಾಪಸ್ಸು ಬರುವುದು ಹೇಗಿರುತ್ತದೆ ಎಂದು ನಿನಗೂ ಸ್ವಲ್ಪ ಗೊತ್ತಾಗಲಿ ಅನ್ನಿಸಿತು. ಕೊಬ್ಬು ಅನ್ನು, ಹೊಟ್ಟೆಕಿಚ್ಚು ಅನ್ನು, ಏನು ಬೇಕಾದರೂ ಅನ್ನು. ಆ ದಿನಗಳಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ನಿನ್ನ ಅಣ್ಣ ಕುರಿ ಹೊಡೆದುಕೊಂಡು ಬೇಸಿಗೆಯ ಹುಲ್ಲುಗಾವಲಿಗೆ ಹೋದರು. ಪ್ರತಿ ವರ್ಷ ನಾನೂ ಹೋಗುತ್ತಿದ್ದೆ. ಈ ವರ್ಷ ಬಾ ಅನ್ನಲಿಲ್ಲ. ಹೊರಡುವಾಗ, "ಉಪ್ಪಿನ ಚೀಲ ಎಲ್ಲಿಟ್ಟೆ?" ಎಂದು ಕೇಳಿದರು. ನೌರೂಜ್ ಆದ ಮೇಲೆ ಅದೇ ಮೊದಲ ಮಾತು. ತೋರಿಸಿದೆ. ಕುದುರೆ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದೆ, ಅವರು ಹಿಂದಿರುಗಿ ನೋಡಲಿಲ್ಲ. ಊರಿನಲ್ಲಿ ಈಗ ಹೆಚ್ಚು ಜನವಿಲ್ಲ. ಇದ್ದವರೂ ನನ್ನ ಅಂಗಳಕ್ಕೆ ಬರುವುದಿಲ್ಲ. ಟೀ ಮಾಡಿದರೆ ಹಳೆಯ ಅಳತೆಯಲ್ಲೇ ಮಾಡಿ, ಉಳಿದದ್ದನ್ನು ಹೊರಗೆ ಚೆಲ್ಲುತ್ತೇನೆ.

ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ. ನಾನು ಬರುವುದಿಲ್ಲ.

ಕೋಪದಿಂದ ಬರೆದದ್ದಲ್ಲ. ಕೂಸನ್ನು ನೋಡುವ ಆಸೆಯಿಲ್ಲ ಎಂದೂ ಅಲ್ಲ. ಅದರ ನೆನಪಾದರೆ ಎದೆ ಹಿಂಡಿದ ಹಾಗಾಗುತ್ತದೆ, ಇನ್ನೂ ಮುಖವನ್ನೇ ನೋಡದ ಕೂಸು. ಕಾಗದ ಬಂದ ದಿನ ಬಟ್ಟೆ ಗಂಟು ಕಟ್ಟಲು ಕೂತಿದ್ದೆ. ಅರ್ಧ ಕಟ್ಟಿದ ಮೇಲೆ ನನ್ನ ಮೇಲೇ ನನಗೆ ಸಿಟ್ಟು ಬಂತು. ಕರೆದರೆ ಸಾಕು, ಮಡಿಲೊಡ್ಡಿಕೊಂಡು ಓಡುವುದು ನನ್ನ ಹಳೆಯ ಚಾಳಿ. ಹೂಂ ಅನ್ನುವುದನ್ನು ಬಿಟ್ಟು ಬೇರೆ ಮಾತು ನನ್ನ ಬಾಯಲ್ಲಿ ಇದೆಯೋ ಇಲ್ಲವೋ ಎಂದು ನೌರೂಜ್ ದಿನದ ಒಂದು ಮಾತು ಬಿಟ್ಟರೆ ನಾನು ಈ ಮನೆಯಲ್ಲಿ ಯಾವತ್ತೂ ನೋಡಿರಲೇ ಇಲ್ಲ. ನೀನು ಇಲ್ಲ ಅನ್ನಬಹುದು ಎಂದು ಬರೆದಿದ್ದೆ. ನಿಜವಾಗಿ ಅಂದರೆ ನೀನೇನು ಮಾಡುತ್ತೀಯ, ಅದನ್ನೂ ನೋಡಬೇಕಿತ್ತು.

ಹೇಳಿದ್ದಾಯಿತು. ಆಕಾಶ ಬೀಳಲಿಲ್ಲ. ಮನೆ ಮಾತ್ರ ಬಹಳ ದೊಡ್ಡದಾಗಿ ಕಾಣುತ್ತಿದೆ.

ಜೂನ್‌ಗೆ ಇನ್ನೂ ಸ್ವಲ್ಪ ದಿನ ಇದೆ.

ಇನ್ನೊಂದು ಸಲ ಕೇಳು.

ಬುರುಲ್ಕಾನ್